ಹೊಟೇಲಿನ ಹಿಂದಿನ ಬಾಗಿಲು

ಬ್ಯಾಂಕಿನವರಿಗೆ ಒಂದು ಕೆಟ್ಟ ಚಾಳಿ. ಹೊಟೇಲಿಗೆ ಹೋದರೂ ದೋಸೆಗಿಂತ ಮೊದಲು ಕಣ್ಣು ಗಲ್ಲಾದ ಮೇಲೆ! ನಾನೂ ಅದೇ ಜಾತಿ. 2003ರ ಸುಮಾರಿಗೆ ಕಲ್ಯಾಣದಲ್ಲಿ ನಮ್ಮ ಊರ ಕಡೆಯವರೊಬ್ಬರ ಹೊಟೇಲಿಗೆ ಸಾಲ ಶಿಫಾರಸು ಮಾಡಿದ್ದೆ. ಗ್ರಾನೈಟ್ ಟೇಬಲು, ಎಸಿ ಹಾಲು, ಸಂಜೆಯಾದರೆ ಕ್ಯೂ... ಅಡುಗೆಮನೆಗೆ ಮಾತ್ರ ನಾನು ಕಾಲಿಡಲಿಲ್ಲ. ಎರಡೇ ವರ್ಷದಲ್ಲಿ ಹೊಟೇಲು ಮುಚ್ಚಿತು. ಲೆಕ್ಕ ಬಿಡಿಸಿ ನೋಡಿದರೆ ವ್ಯಾಪಾರ ಕಮ್ಮಿ ಇರಲೇ ಇಲ್ಲ. ದಿನಾ ಡ್ರಮ್ಮುಗಟ್ಟಲೆ ಅನ್ನ, ಸಾಂಬಾರು ಹಿಂದಿನ ಬಾಗಿಲಿನಿಂದ ಹೋಗುತ್ತಿತ್ತು. ಬಿಕಾಂನಲ್ಲಿ 'ನಾರ್ಮಲ್ ಲಾಸ್' ಅಂತ ಓದಿದ್ದೆವಲ್ಲ? ಆದರೆ ಹೊಟೇಲಿನ ಖಾತೆಯಲ್ಲಿ ಕಸದ ಬುಟ್ಟಿಗೆ ಬೇರೆ ಹೆಡ್ ಇರುವುದಿಲ್ಲ. ಅದು ಖರೀದಿಯೊಳಗೇ ಅಡಗಿ ಕುಳಿತಿರುತ್ತದೆ.

ಕ್ವಾಲಿಟಿ ಎನ್ನುವುದು ನಮ್ಮವರಿಗೆ ಹೊಸದಲ್ಲ. ಐಎಸ್‌ಒ 9000 ಬಂದದ್ದು 1987ರಲ್ಲಿ. 1942ರಲ್ಲಿ ಮಾಟುಂಗಾ ಸ್ಟೇಷನ್ ಹತ್ತಿರ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಗಿರಾಕಿಗಳಿಗೆ ಅಡುಗೆಮನೆ ತೋರಿಸುವುದಕ್ಕೇ ಹೆಸರಾಯಿತು. ಬೆಂಗಳೂರಿನ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ನೋಡಿ ಬಂದವರೇ ತಟ್ಟೆ-ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ, ಗಿರಾಕಿ ಮತ್ತೆ ಮತ್ತೆ ಬಂದ, ಅಷ್ಟೇ.

ಪರಿಸರದ ಯೋಚನೆ ಮಾತ್ರ ತಡವಾಗಿ ಬಂತು. ಪರಿಸರಕ್ಕೆಂದೇ ಇರುವ ಐಎಸ್‌ಒ 14001 ಹೊರಬಂದದ್ದು 1996ರಲ್ಲಿ. ಆ ದಶಕದ ಕೊನೆಗೆ ಮುಂಬಯಿ ವಿಮಾನ ನಿಲ್ದಾಣದ ಬಳಿ ವಿಠಲ ಕಾಮತರ ಆರ್ಕಿಡ್ ಹೊಟೇಲು 'ಎಕೋಟೆಲ್' ಪ್ರಮಾಣಪತ್ರದಿಂದ ಸುದ್ದಿಯಾಯಿತು. ಇಡ್ಲಿ-ವಡೆಯ ಹೊಟೇಲಿನ ಮನೆತನದವರು ಅದನ್ನು ಮಾಡಿದರು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ. ಆದರೆ ಥಾಣೆ, ಡೊಂಬಿವಲಿಯ ಮೂವತ್ತು ಟೇಬಲಿನ ಮಾಲೀಕರು ಅದನ್ನು 'ಫೈವ್ ಸ್ಟಾರ್‌ನವರ ಶೋಕಿ' ಅಂದುಕೊಂಡರು. ಸಾಲ ಕೊಡುವ ನಾವೂ ಹಾಗೇ ಅಂದುಕೊಂಡೆವು, ಸುಳ್ಳು ಯಾಕೆ!

ಆಮೇಲೆ ಒಂದರ ಹಿಂದೆ ಒಂದು ಕಾನೂನು ಬಂತು. 2016ರ ಘನತ್ಯಾಜ್ಯ ನಿಯಮ, ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರು ಹಸಿ ಕಸವನ್ನು ಆದಷ್ಟು ತಮ್ಮ ಜಾಗದಲ್ಲೇ ಸಂಸ್ಕರಿಸಬೇಕು ಎಂದಿತು. 2018ರ ಜುಲೈನಿಂದ ಕರಿದ ಎಣ್ಣೆಗೂ ಅಳತೆ ಬಂತು: ಪೋಲಾರ್ ಅಂಶ ಶೇಕಡ 25 ದಾಟಿದರೆ ಮತ್ತೆ ಬಳಸುವಂತಿಲ್ಲ. ಅದೇ ವರ್ಷ ಜೂನ್ 23ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ ಜಾರಿ. ಸಾಂಬಾರು ಕಟ್ಟುತ್ತಿದ್ದ ತೆಳು ಚೀಲ ಮಾಯವಾಗಿ, ನಾವು ಮನೆಯಿಂದ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹೋದ ದಿನಗಳು ನಿಮಗೂ ನೆನಪಿರಬಹುದು. ಕಲ್ಯಾಣದಲ್ಲಿ ನಾತ ಬೀರುತ್ತಿದ್ದ ಆಧಾರವಾಡಿ ಡಂಪಿಂಗ್ ಗ್ರೌಂಡಿಗೆ ಕಸ ಸುರಿಯುವುದು 2021ರಲ್ಲಿ ನಿಂತಿತು.

ಮಾಲೀಕರೆಲ್ಲ ಗೊಣಗಿದರು. ನವಿ ಮುಂಬಯಿಯ ಗೆಳೆಯರೊಬ್ಬರು "ಇಡ್ಲಿ ಮಾರುವುದೋ, ಕಸ ವಿಂಗಡಿಸುವುದೋ?" ಅಂತ ನನ್ನ ಮೇಲೇ ರೇಗಿದರು. ಸಿಟ್ಟು ನ್ಯಾಯವೇ. ಗೊಬ್ಬರ ಮಾಡಲು ಜಾಗ ಬೇಕು, ಬಾಡಿಗೆ ಅಂಗಡಿಯಲ್ಲಿ ಅದೆಲ್ಲಿ? ಆದರೆ ಕಸ ಬೇರೆ ಮಾಡಲು ಹೊರಟವರಿಗೆ ಅದರಲ್ಲಿ ಏನೇನಿದೆ ಅಂತ ಮೊದಲ ಸಲ ಕಾಣಿಸಿತು. ಥಾಲಿಯ ಎರಡನೇ ಬಟ್ಟಲು ಪಲ್ಯ ಯಾರೂ ಮುಟ್ಟುತ್ತಿರಲಿಲ್ಲ!

ಡೊಂಬಿವಲಿಯ ಒಬ್ಬರು ರಾತ್ರಿ ಗಲ್ಲಾ ಎಣಿಸುವ ಮೊದಲು ಉಳಿಕೆಯ ಬಕೆಟ್ ತೂಗುತ್ತಾರೆ. ಭಾರ ಜಾಸ್ತಿಯಾದರೆ ಮರುದಿನ ಅಕ್ಕಿ ಕಮ್ಮಿ. ಹೋದ ವರ್ಷ ಅವರ ಸಾಲದ ಅರ್ಜಿ ಬಂದಾಗ ನಾನು ಬ್ಯಾಲೆನ್ಸ್ ಶೀಟಿಗಿಂತ ಮೊದಲು ಆ ತೂಕದ ಪುಸ್ತಕ ಕೇಳಿದೆ. ಎಣ್ಣೆ ಕಲೆಯ ನೂರು ಪುಟದ ನೋಟ್‌ಬುಕ್, ಅರ್ಧ ಕನ್ನಡ ಅರ್ಧ ಮರಾಠಿ. ಓದಿ ಮುಗಿಸಿ, ಈ ಸಲ ಹಿಂದಿನ ಬಾಗಿಲಿನಿಂದಲೇ ಒಳಗೆ ಹೋದೆ.