ಬುತ್ತಿ ಕಟ್ಟುವ ವಿದ್ಯೆ: ತಂತ್ರಾಂಶವು ಊರಿಂದ ಊರಿಗೆ ಹೋದ ಕಥೆ



ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಯಾವುದಾದರೂ ಒಂದು ಹಳ್ಳಿಯ ಹಾಲಿನ ಡೈರಿಯನ್ನು ನೆನಪಿಗೆ ತಂದುಕೊಳ್ಳಿ. ಕಾಲೇಜಿನಲ್ಲಿ ಓದುತ್ತಿರುವ ನೀವು ಅಲ್ಲಿನ ಕಾರ್ಯದರ್ಶಿಗಳಿಗೆ ನೆರವಾಗಲೆಂದು ಒಂದು ಪುಟ್ಟ ತಂತ್ರಾಂಶವನ್ನು ಬರೆದಿದ್ದೀರಿ ಎಂದಿಟ್ಟುಕೊಳ್ಳೋಣ. ಯಾರು ಎಷ್ಟು ಲೀಟರು ಹಾಲು ಹಾಕಿದರು, ಅದರಲ್ಲಿ ಫ್ಯಾಟು ಎಷ್ಟು, ದರ ಎಷ್ಟು ಎಂಬುದನ್ನು ತುಂಬಿದರೆ ಬಟವಾಡೆಯ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ನಿಮ್ಮ ಗಣಕಯಂತ್ರದಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಪೆನ್ ಡ್ರೈವಿಗೆ ಹಾಕಿಕೊಂಡು ಡೈರಿಗೆ ಹೋಗುತ್ತೀರಿ. ಅಲ್ಲಿನ ಗಣಕಯಂತ್ರದಲ್ಲಿ ಎರಡು ಬಾರಿ ಕ್ಲಿಕ್ ಮಾಡಿದರೆ, ಈ ಕಡತವನ್ನು ಯಾವುದರಿಂದ ತೆರೆಯಬೇಕೆಂದು ಆ ಯಂತ್ರ ನಿಮ್ಮನ್ನೇ ಕೇಳುತ್ತದೆ! "ಏನಪ್ಪಾ, ನಿನ್ನ ಪ್ರೋಗ್ರಾಮು ಓಡ್ತಾನೇ ಇಲ್ವಲ್ಲ" ಎಂದು ಕಾರ್ಯದರ್ಶಿಗಳು ಮತ್ತೆ ಹಳೆಯ ರಿಜಿಸ್ಟರನ್ನು ಕೈಗೆತ್ತಿಕೊಳ್ಳುತ್ತಾರೆ.

ನಿಮ್ಮ ಲೆಕ್ಕ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಪ್ರಪಂಚದ ಅನೇಕ ಬುದ್ಧಿವಂತರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದಾರೆ. ಆ ಇತಿಹಾಸದ ಕೆಲವು ಪುಟಗಳು ಕರ್ನಾಟಕದಲ್ಲಿ, ನಮ್ಮ ಕನ್ನಡದಲ್ಲಿಯೇ ಬರೆಯಲ್ಪಟ್ಟಿವೆ.

ಹಿಟ್ಟು ಮತ್ತು ಮುದ್ದೆ

ಮೊದಲು ಒಂದು ಭೇದವನ್ನು ತಿಳಿದುಕೊಳ್ಳೋಣ. ಸಿ ಮುಂತಾದ ಭಾಷೆಗಳಲ್ಲಿ ಬರೆದ ಕ್ರಮವಿಧಿಯನ್ನು ಕಂಪೈಲರ್ ಎಂಬ ಸಾಧನವು ಯಂತ್ರಕ್ಕೆ ನೇರವಾಗಿ ಅರ್ಥವಾಗುವ ಸಂಕೇತಗಳಾಗಿ ಮೊದಲೇ ಮಾರ್ಪಡಿಸಿಬಿಡುತ್ತದೆ. ಇದು ಕಟ್ಟಿಟ್ಟ ರಾಗಿ ಮುದ್ದೆಯ ಹಾಗೆ, ಪಡೆದವರು ಉಂಡರಾಯಿತು. ಸ್ಕ್ರಿಪ್ಟಿಂಗ್ ಭಾಷೆಗಳ ರೀತಿ ಬೇರೆ. ಅಲ್ಲಿ ನೀವು ಕೊಡುವುದು ಹಿಟ್ಟು ಮತ್ತು ಅಡುಗೆಯ ವಿಧಾನ ಮಾತ್ರ. ಅದನ್ನು ಸಾಲುಸಾಲಾಗಿ ಓದಿ, ಆಗಿಂದಾಗ್ಗೆ ನಡೆಸಿಕೊಡಲು ಇಂಟರ್‌ಪ್ರಿಟರ್ ಎಂಬ ದುಭಾಷಿ ಬೇಕು. ಉಣ್ಣುವವರ ಮನೆಯಲ್ಲಿ ಒಲೆ, ಪಾತ್ರೆ, ಹಿಟ್ಟಿನ ಕೋಲು, ಅಡುಗೆಯವರು ಎಲ್ಲವೂ ಇದ್ದರೆ ಮಾತ್ರ ಮುದ್ದೆಯಾದೀತು. ಡೈರಿಯ ಗಣಕಯಂತ್ರದಲ್ಲಿ ಇದ್ದುದು ನಿಮ್ಮ ಹಿಟ್ಟು ಮಾತ್ರ. ಮುದ್ದೆ ಕಟ್ಟುವವರೇ ಅಲ್ಲಿರಲಿಲ್ಲ.

1987ರಲ್ಲಿ ಲ್ಯಾರಿ ವಾಲ್ ಅವರು ಪರ್ಲ್ ಭಾಷೆಯನ್ನು ಹೊರತಂದರು. 1988ರ ಸುಮಾರಿಗೆ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಜಾನ್ ಔಸ್ಟರ್‌ಹೌಟ್ ಅವರು ಟಿಸಿಎಲ್ ಭಾಷೆಯನ್ನೂ, ಬಳಿಕ ತೆರೆಯ ಮೇಲೆ ಗುಂಡಿ, ಪಟ್ಟಿ, ಪೆಟ್ಟಿಗೆಗಳನ್ನು ಸುಲಭವಾಗಿ ಮೂಡಿಸುವ ಟಿಕೆ ಎಂಬ ಸಾಧನವನ್ನೂ ರೂಪಿಸಿದರು. 1991ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರವೊಂದರಲ್ಲಿದ್ದ ಗೀಡೋ ವಾನ್ ರಾಸಮ್ ಅವರು ಪೈಥಾನ್ ಭಾಷೆಯನ್ನು ಸಾರ್ವಜನಿಕರಿಗೆ ನೀಡಿದರು. ಇವೆಲ್ಲವೂ ಹುಟ್ಟಿ ಬೆಳೆದದ್ದು ಯುನಿಕ್ಸ್ ವಾತಾವರಣದಲ್ಲಿ. ಅಲ್ಲಿ ದುಭಾಷಿಯನ್ನು ಒಮ್ಮೆ ಯಂತ್ರದಲ್ಲಿ ಸ್ಥಾಪಿಸಿದರೆ ಸಾಕು, ಅದರ ಬಳಕೆದಾರರೆಲ್ಲರಿಗೂ ಅದು ಒದಗುತ್ತಿತ್ತು. ಆದರೆ ಮನೆ, ಅಂಗಡಿ, ಕಚೇರಿಗಳ ಮೇಜಿನ ಮೇಲೆ ಕುಳಿತಿದ್ದ ವಿಂಡೋಸ್ ಗಣಕಯಂತ್ರಗಳಲ್ಲಿ ಇವು ಇರಲಿಲ್ಲ. ತೊಡಕು ಶುರುವಾದದ್ದು ಇಲ್ಲಿಯೇ.

ಕನ್ನಡ ಕಂಡ ಅದೇ ತೊಡಕು

ಈ ತೊಡಕನ್ನು ಕನ್ನಡಿಗರು ಬೇರೊಂದು ರೂಪದಲ್ಲಿ ಚೆನ್ನಾಗಿ ಅನುಭವಿಸಿದ್ದರು. ಕೆ.ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, 'ಸೇಡಿಯಾಪು' ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಮುಂದೆ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ಇವುಗಳಿಂದಾಗಿ ಸಾವಿರಾರು ಜನ ಮೊದಲ ಬಾರಿಗೆ ಗಣಕಯಂತ್ರದಲ್ಲಿ ಕನ್ನಡವನ್ನು ಬರೆದರು.

ಆದರೆ ಆ ಕಾಲದ ಕನ್ನಡ ಅಕ್ಷರಗಳು ಯಂತ್ರದೊಳಗೆ ನಿಜವಾಗಿ ಕನ್ನಡವಾಗಿರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಫಾಂಟು ಕನ್ನಡದ ರೂಪವನ್ನು ಹೊದಿಸುತ್ತಿತ್ತು. ಹಾಸನದಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಅರಕಲಗೂಡಿನಲ್ಲಿ ತೆರೆದಾಗ, ಅಲ್ಲಿ ಅದೇ ಫಾಂಟು ಇಲ್ಲದಿದ್ದರೆ ಕಾಣುತ್ತಿದ್ದುದು ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ. ಪತ್ರ ತಲುಪಿತ್ತು, ಅದನ್ನು ಓದಿಸುವ ಸಾಧನ ತಲುಪಿರಲಿಲ್ಲ. ಡೈರಿಯಲ್ಲಿ ನಿಮಗೆ ಆದದ್ದೂ ಇದೇ ಅಲ್ಲವೇ? ತನ್ನೊಡನೆ ಹೋಗಬೇಕಾದುದನ್ನು ಕಟ್ಟಿಕೊಳ್ಳದೆ ಹೊರಟ ಪ್ರಯಾಣಿಕನ ಸ್ಥಿತಿ ಎರಡೂ ಕಡೆ ಒಂದೇ.

ಹಾಸನಕ್ಕೆ ನೆರೆಯಾದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಕೊರತೆಗಳ ಬಗೆಗೆ ತೀವ್ರವಾಗಿ ಯೋಚಿಸಿದವರಲ್ಲಿ ಒಬ್ಬರು. ಕಾಗದದ ಮೇಲೆ ಶ್ರೀಮಂತವಾಗಿರುವ ಭಾಷೆಯೊಂದು ಗಣಕಯಂತ್ರದಲ್ಲಿ ಬಡವಾದರೆ ಅದರ ನಾಳೆಯೇನು ಎಂಬ ಆತಂಕ ಆ ದಿನಗಳಲ್ಲಿ ಸಣ್ಣದಾಗಿರಲಿಲ್ಲ. ಯುನಿಕೋಡ್ ಕ್ರಮದಲ್ಲಿ 1991ರಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆತಿದ್ದರೂ ಅದು ಜನಬಳಕೆಗೆ ಬರಲು ವರ್ಷಗಳು ಹಿಡಿದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟು ಸೇರಿಬಂದ ಮೇಲೆ, ಬುತ್ತಿಯಲ್ಲಿ ಕಟ್ಟಬೇಕಾಗಿದ್ದ ಒಂದು ವಸ್ತು ಎಲ್ಲರ ಮನೆಯಲ್ಲಿಯೂ ಇರುವಂತಾಯಿತು.

ಬುತ್ತಿ ಕಟ್ಟಿದವರು

ಸ್ಕ್ರಿಪ್ಟಿಂಗ್ ಭಾಷೆಗಳ ಲೋಕದಲ್ಲಿ ಎರಡು ದಾರಿಗಳು ತೆರೆದುಕೊಂಡವು. ಮೊದಲನೆಯದು ದುಭಾಷಿಯನ್ನೇ ತಂತ್ರಾಂಶದ ಜೊತೆಗೆ ಕಟ್ಟಿ ಕಳುಹಿಸುವುದು. 1990ರ ದಶಕದಲ್ಲಿಯೇ ಪೈಥಾನಿನೊಡನೆ 'ಫ್ರೀಜ್' ಎಂಬ ಉಪಕರಣ ಬರುತ್ತಿತ್ತು. ಆದರೆ ಅದನ್ನು ಬಳಸಲು ಸಿ ಕಂಪೈಲರ್ ಬೇಕಾಗುತ್ತಿದ್ದುದರಿಂದ ಸಾಮಾನ್ಯರಿಗೆ ಅದು ಒಗ್ಗಲಿಲ್ಲ. 2000ದಲ್ಲಿ ಬಂದ ಪೈಥಾನ್ 2.0ರಲ್ಲಿ 'ಡಿಸ್ಟ್‌ಯುಟಿಲ್ಸ್' ಎಂಬ ಕಟ್ಟುವ ವ್ಯವಸ್ಥೆ ಸೇರಿತು. ಅದರ ಆಧಾರದ ಮೇಲೆ ಥಾಮಸ್ ಹೆಲ್ಲರ್ ಅವರ 'ಪೈಟುಇಎಕ್ಸ್‌ಇ' ವಿಂಡೋಸ್ ಬಳಕೆದಾರರಿಗೆ ದೊರೆಯಿತು. ಗಾರ್ಡನ್ ಮ್ಯಾಕ್‌ಮಿಲನ್ ಅವರು ಆರಂಭಿಸಿದ್ದ ಕೆಲಸವನ್ನು ಇತರರು ಮುಂದುವರಿಸಿದ್ದರಿಂದ 2005ರ ಸುಮಾರಿಗೆ 'ಪೈಇನ್‌ಸ್ಟಾಲರ್' ರೂಪುಗೊಂಡಿತು. ಇಂದಿಗೂ ಬಹಳ ಜನ ಬಳಸುವುದು ಇದನ್ನೇ.

ಇವು ಮಾಡುವ ಕೆಲಸವೇನು? ಹೀಗೆ ಕಟ್ಟಿದಾಗ ಕ್ರಮವಿಧಿ ಯಂತ್ರಭಾಷೆಗೆ ಬದಲಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಉಪಕರಣವು ನಿಮ್ಮ ಕ್ರಮವಿಧಿಯನ್ನು ಪರಿಶೀಲಿಸಿ, ಅದು ಯಾವ ಯಾವ ಭಾಗಗಳನ್ನು ನೆರವಿಗೆ ಕರೆದಿದೆ ಎಂದು ಪಟ್ಟಿ ಮಾಡುತ್ತದೆ. ಆ ಭಾಗಗಳನ್ನು, ಇಂಟರ್‌ಪ್ರಿಟರನ್ನು ಮತ್ತು ಬೇಕಾದ ಇತರ ಕಡತಗಳನ್ನು ಒಂದೆಡೆ ಸೇರಿಸಿ, ಎಲ್ಲವನ್ನೂ ಎಬ್ಬಿಸಲು ಒಂದು ಪುಟ್ಟ ಚಾಲಕವನ್ನು ಮುಂದಿಡುತ್ತದೆ. ಮುದ್ದೆಯಂತೆ ಕಂಡರೂ ಒಳಗಿರುವುದು ಹಿಟ್ಟು, ಒಲೆ, ಅಡುಗೆಯವರು ಎಲ್ಲರೂ ಕೂಡಿದ ಒಂದು ಗಂಟು. ಆದ್ದರಿಂದಲೇ ಹತ್ತು ಸಾಲಿನ ಕ್ರಮವಿಧಿಯೂ ಹಲವು ಮೆಗಾಬೈಟುಗಳ ಹೊರೆಯಾಗುತ್ತದೆ. 1.44 ಮೆಗಾಬೈಟಿನ ಫ್ಲಾಪಿ ಬಳಕೆಯಲ್ಲಿದ್ದ ಕಾಲದಲ್ಲಿ ಇದು ಸಣ್ಣ ಸಮಸ್ಯೆಯಾಗಿರಲಿಲ್ಲ.

ಗಂಟು ಕಟ್ಟುವಾಗ ಏನಾದರೊಂದು ಮರೆಯುವುದೂ ಇತ್ತು. ಪೈಥಾನ್ 2.4 ಮತ್ತು 2.5ರಲ್ಲಿ ಕಟ್ಟಿದ ತಂತ್ರಾಂಶಗಳಿಗೆ ಮೈಕ್ರೋಸಾಫ್ಟಿನ 'ಎಂಎಸ್‌ವಿಸಿಆರ್71' ಎಂಬ ಕಡತ ಬೇಕಿತ್ತು. ಬರೆದವರ ಗಣಕಯಂತ್ರದಲ್ಲಿ ಅದು ಮೊದಲೇ ಇರುತ್ತಿದ್ದುದರಿಂದ ಕೊರತೆ ಅವರ ಗಮನಕ್ಕೆ ಬರುತ್ತಿರಲಿಲ್ಲ. ಪಡೆದವರ ಯಂತ್ರದಲ್ಲಿ ತಂತ್ರಾಂಶ ಮೇಲೇಳುತ್ತಿರಲಿಲ್ಲ. ಕಡತಕೋಶದ ಹೆಸರನ್ನು ಕನ್ನಡದಲ್ಲಿ ಇಟ್ಟರೆ ಪೈಥಾನ್ 2ರ ಅನೇಕ ತಂತ್ರಾಂಶಗಳು ಎಡವುತ್ತಿದ್ದವು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3, ಪಠ್ಯವನ್ನೆಲ್ಲ ಯುನಿಕೋಡ್ ಎಂದೇ ಭಾವಿಸುವ ಮೂಲಕ ಕನ್ನಡದಂಥ ಭಾಷೆಗಳಿಗೆ ದೊಡ್ಡ ಉಪಕಾರ ಮಾಡಿತು. ಆದರೆ ಹಳೆಯ ಕ್ರಮವಿಧಿಗಳು ಅದರಲ್ಲಿ ಹಾಗೆಯೇ ನಡೆಯುತ್ತಿರಲಿಲ್ಲ. ಪೈಥಾನ್ 2ಕ್ಕೆ 2020ರ ಜನವರಿ 1ರಂದು ವಿದಾಯ ಹೇಳಲಾಯಿತು. 2023ರ ಅಕ್ಟೋಬರಿನ ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸನ್ನೂ ಕೈಬಿಡಲಾಯಿತು.

ಉಗ್ರಾಣದ ದಾರಿ

ಎರಡನೆಯ ದಾರಿ ಲಿನಕ್ಸ್ ಬಳಗದ್ದು. ಪ್ರತಿಯೊಬ್ಬರೂ ಒಲೆ, ಪಾತ್ರೆಗಳನ್ನು ಹೊತ್ತುಕೊಂಡು ತಿರುಗುವುದೇಕೆ, ಊರಿಗೆಲ್ಲ ಒಂದು ಉಗ್ರಾಣವಿದ್ದರೆ ಸಾಲದೇ ಎಂಬುದು ಅವರ ವಿಚಾರ. 1993ರಲ್ಲಿ ಆರಂಭವಾದ ಡೆಬಿಯನ್ ವ್ಯವಸ್ಥೆಯಲ್ಲಿ ಪ್ರತಿಯೊಂದು ತಂತ್ರಾಂಶದ ಗಂಟಿನ ಮೇಲೂ ತನಗೆ ಮತ್ತೇನು ಬೇಕು ಎಂಬ ಚೀಟಿ ಇರುತ್ತದೆ. 1999ರಲ್ಲಿ ಅದರೊಡನೆ ಬಂದ 'ಎಪಿಟಿ' ಆ ಚೀಟಿಯನ್ನು ಓದಿ, ಬೇಕಾದುದನ್ನೆಲ್ಲ ಉಗ್ರಾಣದಿಂದ ತಾನೇ ತರಿಸಿಕೊಳ್ಳುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಅದೇ 1999ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ 6.1ರೊಡನೆ ಬಂದ 'ಅನಕೊಂಡ' ಎಂಬ ಅನುಸ್ಥಾಪಕವನ್ನು ಬಹುಪಾಲು ಪೈಥಾನಿನಲ್ಲಿಯೇ ಬರೆಯಲಾಗಿತ್ತು. ಇಡೀ ವ್ಯವಸ್ಥೆಯನ್ನು ಗಣಕಯಂತ್ರಕ್ಕೆ ಇಳಿಸುವ ಕೆಲಸವನ್ನೇ ಒಂದು ಸ್ಕ್ರಿಪ್ಟಿಂಗ್ ಭಾಷೆ ವಹಿಸಿಕೊಂಡಿತು! ಮುಂದೆ ಫೆಡೋರ ಬಳಗದ ಅನುವಾದಕರ ಶ್ರಮದಿಂದ ಅದು ಕನ್ನಡದಲ್ಲಿಯೂ ಮಾತನಾಡಿತು. ಉಗ್ರಾಣದಲ್ಲಿ 'ಲೋಹಿತ್ ಕನ್ನಡ' ಫಾಂಟೂ, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಸೇರಿದವು. ಫಾಂಟು, ಕೀಲಿಮಣೆ, ತಂತ್ರಾಂಶ ಮೂರೂ ಒಂದೇ ಕಡೆ ದೊರೆಯುವಂತಾದದ್ದು ಕನ್ನಡಕ್ಕೆ ಆದ ಲಾಭ.

ಈ ಲಾಭ ಶಾಲೆಯ ಮಕ್ಕಳನ್ನು ಮುಟ್ಟಿದ ಒಂದು ನಿದರ್ಶನವನ್ನು ಗಡಿಯಾಚೆಗಿನ ಕಾಸರಗೋಡಿನಲ್ಲಿ ನೋಡಬಹುದು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ 'ಕೈಟ್' ಎಂಬ ಹೆಸರಿನಲ್ಲಿ, ಶಾಲೆಗಳಿಗಾಗಿಯೇ ಲಿನಕ್ಸಿನ ಒಂದು ರೂಪವನ್ನು ಸಿದ್ಧಪಡಿಸಿ ಹಂಚುತ್ತ ಬಂದಿದೆ. ಪಾಠಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಅದರಲ್ಲಿ ಮೊದಲೇ ಕೂಡಿರುತ್ತವೆ. ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರ ರೂಪಿಸಿದ 'ಎಕ್ಸ್‌ಪ್‌ಐಸ್' ಎಂಬ ಭೌತಶಾಸ್ತ್ರ ಪ್ರಯೋಗ ಸಾಧನವೂ ಕೇರಳದ ಶಾಲೆಗಳಲ್ಲಿ ಬಳಕೆಗೆ ಬಂತು. ಅದನ್ನು ನಡೆಸುವ ತಂತ್ರಾಂಶ ಪೈಥಾನಿನಲ್ಲಿದೆ, ಡೆಬಿಯನ್ ಉಗ್ರಾಣದಲ್ಲಿಯೂ ಸೇರಿದೆ. ಕನ್ನಡ ಮಾಧ್ಯಮದ ಶಾಲೆಯ ಶಿಕ್ಷಕರು ಒಂದೊಂದು ಯಂತ್ರಕ್ಕೂ ಪೈಥಾನನ್ನು ಹುಡುಕಿ ಹಾಕಬೇಕಿಲ್ಲ. ಅವರು ನೇರವಾಗಿ ಪ್ರಯೋಗಕ್ಕೆ ತೊಡಗಬಹುದು. ಕಟ್ಟುವ ಕೆಲಸವನ್ನು ಒಬ್ಬರು ಶ್ರದ್ಧೆಯಿಂದ ಮಾಡಿದರೆ ಎಷ್ಟು ಜನರ ಸಮಯ ಉಳಿಯುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಮೂರನೆಯ ಒಂದು ಉಪಾಯವೂ ಇದೆ. ನುಡಿ, ಬರಹಗಳ ಹಳೆಯ ಸಂಕೇತದಲ್ಲಿ ಸಿಲುಕಿದ್ದ ಕನ್ನಡವನ್ನು ಯುನಿಕೋಡಿಗೆ ತರಲು ವಿ.ಕೆ. ಅರವಿಂದ ಅವರು ಪೈಥಾನಿನಲ್ಲಿ ಒಂದು ಪರಿವರ್ತಕವನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಪೈಥಾನನ್ನು ಸ್ಥಾಪಿಸಿಕೊಳ್ಳಲು ತಿಳಿಯದವರಿಗೆ ಅದು ಅಂತರಜಾಲದ ಪುಟವಾಗಿಯೂ ಒದಗಿತು. ಆಗ ಕಟ್ಟುವುದೂ ಬೇಡ, ಹೊರುವುದೂ ಬೇಡ. ಆದರೆ ಸಂಪರ್ಕವಿಲ್ಲದ ಊರಿನಲ್ಲಿ ಈ ಉಪಾಯ ನಡೆಯದು.

ಮತ್ತೆ ಡೈರಿಗೆ

ಈಗ ನಿಮ್ಮ ತಂತ್ರಾಂಶದ ಕಡೆಗೆ ಬರೋಣ. ಡೈರಿಯ ಗಣಕಯಂತ್ರ ವಿಂಡೋಸ್ ಆಗಿದ್ದರೆ ವಿಂಡೋಸಿನಲ್ಲಿಯೇ ಗಂಟು ಕಟ್ಟಿರಿ. ಲಿನಕ್ಸಿನಲ್ಲಿ ಪೈಇನ್‌ಸ್ಟಾಲರ್ ಕಟ್ಟಿದ್ದು ಅಲ್ಲಿ ನಡೆಯದು. ಪಟ್ಟಿಯಲ್ಲಿ ಬಳಸಿದ ಚಿತ್ರ, ದರದ ಕಡತ, ಕನ್ನಡ ಫಾಂಟು ಗಂಟಿನಲ್ಲಿ ಸೇರಿವೆಯೇ ನೋಡಿ. ಎಲ್ಲವನ್ನೂ ಒಂದೇ ಕಡತವಾಗಿ ಹಿಡಿದಿಟ್ಟರೆ ವೈರಸ್ ನಿರೋಧಕ ತಂತ್ರಾಂಶಗಳು ಕೆಲವೊಮ್ಮೆ ಸುಮ್ಮನೆ ಸಂಶಯಪಡುತ್ತವೆ. ಕಡತಕೋಶದ ರೂಪದಲ್ಲಿ ಕೊಡುವುದು ಹೆಚ್ಚು ಕ್ಷೇಮ. ಮುಖ್ಯವಾಗಿ, ಪೈಥಾನನ್ನು ಎಂದೂ ಕಾಣದ ಗೆಳೆಯರ ಗಣಕಯಂತ್ರವೊಂದರಲ್ಲಿ ಮೊದಲು ನಡೆಸಿ ನೋಡಿ. ನಿಮ್ಮ ಯಂತ್ರದಲ್ಲಿ ಎಲ್ಲವೂ ಇರುವುದರಿಂದ ನಿಮ್ಮ ಕೊರತೆಯನ್ನು ಅದು ನಿಮಗೆ ಹೇಳಲಾರದು.

ಹಿಂದೆ ದೂರದ ಊರಿಗೆ ನಡೆದು ಹೋಗುವವರಿಗೆ ಮನೆಯ ಹಿರಿಯರು ಬುತ್ತಿ ಕಟ್ಟುವಾಗ, ದಾರಿಯಲ್ಲಿ ನೀರು ಸಿಗುತ್ತದೆಯೇ, ತಲುಪುವ ಹೊತ್ತಿಗೆ ಹಳಸುತ್ತದೆಯೇ ಎಂದು ಯೋಚಿಸುತ್ತಿದ್ದರು. ಉಣ್ಣುವವರ ಸ್ಥಿತಿಯನ್ನು ತಮ್ಮ ಮನಸ್ಸಿಗೆ ತಂದುಕೊಳ್ಳುವುದೇ ಆ ವಿದ್ಯೆಯ ಮರ್ಮ. ತಂತ್ರಾಂಶದ ಚರಿತ್ರೆಯಲ್ಲಿ ಭಾಷೆಗಳನ್ನು ಕಂಡುಹಿಡಿದವರ ಹೆಸರು ದೊಡ್ಡದಾಗಿ ಕಾಣುತ್ತದೆ. ಗಂಟು ಕಟ್ಟಿದವರ ಹೆಸರು ಅಷ್ಟಾಗಿ ಕಾಣುವುದಿಲ್ಲ. ಆದರೆ ಒಬ್ಬರ ಜಾಣ್ಮೆ ಮತ್ತೊಬ್ಬರ ಮೇಜಿನ ಮೇಲೆ ಕೆಲಸಕ್ಕೆ ಬರುವಂತೆ ಮಾಡಿದವರು ಅವರೇ. ಮುಂದಿನ ಬಾರಿ ನೀವು ಡೈರಿಗೆ ಹೋದಾಗ ಕಾರ್ಯದರ್ಶಿಗಳು ರಿಜಿಸ್ಟರನ್ನು ಪಕ್ಕಕ್ಕಿಡುವಂತಾದರೆ, ಆ ಸಾಲಿನಲ್ಲಿ ನೀವೂ ಒಬ್ಬರಾಗುತ್ತೀರಿ.