ಬರಿದಾದರೂ ಕುಸಿಯದ ಹರಳು

1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಕ್ರೋನ್‌ಸ್ಟೆಟ್ ಒಂದು ಖನಿಜವನ್ನು ಜ್ವಾಲೆಯಲ್ಲಿ ಕಾಯಿಸಿದಾಗ, ಅದು ಕುದಿಯುವಂತೆ ಉಬ್ಬಿ ಆವಿಯನ್ನು ಹೊರಬಿಟ್ಟಿತು. ಅವನು ಅದಕ್ಕೆ ‘ಜಿಯೋಲೈಟ್’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ‘ಕುದಿಯುವ ಕಲ್ಲು’.

ಕಲ್ಲಿನೊಳಗೆ ನೀರು ಎಲ್ಲಿತ್ತು? ಜಿಯೋಲೈಟಿನಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಜೇನುಗೂಡಿನಂತೆ ಕ್ರಮವಾಗಿ ಜೋಡಣೆಗೊಂಡಿರುತ್ತವೆ. ನಡುವಿನ ಅತಿಸಣ್ಣ ಕೋಣೆಗಳಲ್ಲಿ ನೀರು ಅಡಗಿರುತ್ತದೆ. ನೀರು ಹೊರಟುಹೋದರೂ ಗೂಡು ಕುಸಿಯುವುದಿಲ್ಲ. ಬರಿದಾದ ಕೋಣೆಗೆ ಸಣ್ಣ ಅಣುಗಳು ನುಗ್ಗುತ್ತವೆ. ದೊಡ್ಡವು ಹೊರಗೇ ಉಳಿಯುತ್ತವೆ. ಇದು ಅಣುಗಳ ಜರಡಿ! 1940ರ ದಶಕದಲ್ಲಿ ಬ್ರಿಟನ್ನಿನ ರಿಚರ್ಡ್ ಬ್ಯಾರರ್, ಅಮೆರಿಕದ ರಾಬರ್ಟ್ ಮಿಲ್ಟನ್ ಮೊದಲಾದವರು ಜಿಯೋಲೈಟುಗಳನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಕಚ್ಚಾ ತೈಲದ ಭಾರವಾದ ಅಣುಗಳನ್ನು ಒಡೆದು ಪೆಟ್ರೋಲ್ ಪಡೆಯಲು, ಗಡಸು ನೀರನ್ನು ಮೆದುವಾಗಿಸಲು ಇಂದಿಗೂ ಇವು ಬೇಕು.

ಆದರೆ ಕೋಣೆಯ ಅಳತೆಯನ್ನು ನಾವೇ ನಿರ್ಧರಿಸಬಹುದೇ? 1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ರಿಚರ್ಡ್ ರಾಬ್ಸನ್, ವಿದ್ಯಾರ್ಥಿಗಳಿಗಾಗಿ ಮರದ ಗುಂಡುಗಳಿಂದ ಅಣುಗಳ ಮಾದರಿ ಮಾಡಿಸುತ್ತಿದ್ದರು. ಗುಂಡಿನಲ್ಲಿ ತೂತು ಎಲ್ಲಿದೆಯೋ ಅದರಂತೆ ಇಡೀ ಮಾದರಿ ತಾನಾಗಿ ರೂಪುಗೊಳ್ಳುವುದನ್ನು ಗಮನಿಸಿದರು. ಪರಮಾಣುಗಳೂ ಹೀಗೆ ಕೂಡಬಾರದೇಕೆ ಎಂಬ ಆಲೋಚನೆ ಮೊಳೆಯಿತು. 1989ರಲ್ಲಿ ತಾಮ್ರದ ಅಯಾನುಗಳನ್ನು ನಾಲ್ಕು ತೋಳಿನ ಇಂಗಾಲ ಸಂಯುಕ್ತದೊಡನೆ ಕೂಡಿಸಿ, ವಿಶಾಲ ಕೋಣೆಗಳುಳ್ಳ ಹರಳನ್ನು ಅವರು ಪ್ರಕಟಿಸಿದರು. ದುರದೃಷ್ಟವಶಾತ್ ಅಂತಹ ಹರಳುಗಳು ಸುಲಭವಾಗಿ ಕುಸಿಯುತ್ತಿದ್ದವು. ಸೆಂಟ್ರಿಂಗ್ ತೆಗೆದೊಡನೆ ಬೀಳುವ ತಾರಸಿಯಿಂದ ಏನು ಪ್ರಯೋಜನ?

1997ರಲ್ಲಿ ಜಪಾನಿನ ಸುಸುಮು ಕಿಟಗಾವಾ ಇದಕ್ಕೆ ಉತ್ತರ ಕೊಟ್ಟರು. ಅವರ ಹರಳು ನೀರು ಕಳೆದುಕೊಂಡರೂ ನಿಂತಿತು. ಮೀಥೇನ್, ಸಾರಜನಕ, ಆಮ್ಲಜನಕಗಳನ್ನು ಹೀರಿ ಮತ್ತೆ ಬಿಟ್ಟಿತು. 1999ರಲ್ಲಿ ಅಮೆರಿಕದಲ್ಲಿ ಒಮರ್ ಯಾಘಿ ರೂಪಿಸಿದ ‘ಮಾಫ್-5’ ಬರಿದಾಗಿದ್ದರೂ 300 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳಿತು. ಅದರ ಕೆಲವೇ ಗ್ರಾಂಗಳ ಒಳಮೈಯನ್ನು ಹರಡಿದರೆ ಒಂದು ಫುಟ್‌ಬಾಲ್ ಮೈದಾನದಷ್ಟಾಗುತ್ತದೆ! 2025ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಈ ಮೂವರಿಗೆ ಸಂದಿತು.

ನಲ್ಲಿಯೂ ವಿದ್ಯುತ್ತೂ ಇಲ್ಲದ, ಜೋರ್ಡಾನಿನ ಒಂದೇ ಕೋಣೆಯ ಮನೆಯಲ್ಲಿ ಯಾಘಿ ಬೆಳೆದರು. ಮುಂದೆ ಅವರ ತಂಡ ಇಂತಹ ಹರಳುಗಳಿಂದಲೇ ಅರಿಜೋನಾ ಮರುಭೂಮಿಯ ಗಾಳಿಯಲ್ಲಿದ್ದ ತೇವವನ್ನು ಹಿಡಿದು ನೀರು ಪಡೆಯಿತು. ಈ ಹರಳುಗಳನ್ನು ಅಗ್ಗವಾಗಿ, ಬಹುಕಾಲ ಬಾಳುವಂತೆ ತಯಾರಿಸುವ ಕೆಲಸ ಇನ್ನೂ ಉಳಿದಿದೆ. ಇಂದು ರಸಾಯನಶಾಸ್ತ್ರ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಅದಕ್ಕೆ ಕೈಹಾಕಬಾರದೇಕೆ?