ಹ್ಯಾಕ್ನಿ ರೋಡಿನ ಮಾರ್ವೆಲ್‌ಮನ್



ಸೂಪರ್‌ಮನ್, ಬ್ಯಾಟ್‌ಮನ್ ಎಂಬ ಹೆಸರುಗಳನ್ನು ಅರಿಯದ ಮಕ್ಕಳು ನಮ್ಮ ಮನೆಗಳಲ್ಲಿ ಇಲ್ಲವೆಂದೇ ಹೇಳಬೇಕು. ಆದರೆ ಈ ಲಂಡನ್ನಿನಲ್ಲಿಯೇ ಹುಟ್ಟಿ, ಒಂಬತ್ತು ವರ್ಷ ಮೆರೆದು, ಬಳಿಕ ಮರೆವಿಗೆ ಸಂದ ಮಾರ್ವೆಲ್‌ಮನ್ ಎಂಬ ವೀರನನ್ನು ಬಲ್ಲವರು ವಿರಳ. ಮಕ್ಕಳ ಚಿತ್ರಕಥೆಯೂ ಇತಿಹಾಸಕ್ಕೆ ವಸ್ತುವೇ ಎಂದು ಕೆಲವರು ಕೇಳಬಹುದು. ಎರವಲು ತಂದದ್ದು ಸ್ವಂತದ್ದಾಗುವುದು ಯಾವಾಗ ಎಂಬ, ವಲಸೆ ಬಂದ ನಮಗೆ ಹತ್ತಿರವಾದ ಪ್ರಶ್ನೆಯೊಂದು ಈ ಕಥೆಯಲ್ಲಿ ಅಡಗಿದೆ.

ಕಥೆಯ ಮೂಲವಿರುವುದು ಅಮೆರಿಕದಲ್ಲಿ. 1940ರ ಸುಮಾರಿಗೆ ಫಾಸೆಟ್ ಸಂಸ್ಥೆಯು ಕ್ಯಾಪ್ಟನ್ ಮಾರ್ವೆಲ್ ಎಂಬ ವೀರನನ್ನು ಓದುಗರ ಮುಂದಿಟ್ಟಿತು. ಬಿಲ್ಲಿ ಬ್ಯಾಟ್ಸನ್ ಎಂಬ ಬಾಲಕ 'ಶಝಾಮ್' ಎಂದು ಉಚ್ಚರಿಸಿದೊಡನೆ ಮಹಾಬಲನಾಗುತ್ತಿದ್ದ. ಒಂದು ಕಾಲಕ್ಕೆ ಈ ಪತ್ರಿಕೆಯ ಮಾರಾಟ ಸೂಪರ್‌ಮನ್‌ನದನ್ನೂ ಮೀರಿಸಿತು. ಇದು ತಮ್ಮ ವೀರನ ನಕಲೆಂದು ಸೂಪರ್‌ಮನ್‌ನ ಪ್ರಕಾಶಕರು 1941ರಲ್ಲಿ ದಾವೆ ಹೂಡಿದರು. ಹನ್ನೆರಡು ವರ್ಷಗಳ ಬಳಿಕ, 1953ರಲ್ಲಿ, ಫಾಸೆಟ್ ಸಂಸ್ಥೆಯು 4 ಲಕ್ಷ ಡಾಲರ್ ತೆತ್ತು ರಾಜಿಯಾಗಿ, ಪ್ರಕಟಣೆಯನ್ನು ನಿಲ್ಲಿಸಿತು.

ಅಲ್ಲಿನ ತೀರ್ಮಾನದ ಬಿಸಿ ತಟ್ಟಿದ್ದು ಪೂರ್ವ ಲಂಡನ್ನಿನ ಹ್ಯಾಕ್ನಿ ರೋಡಿಗೆ. ಯುದ್ಧಾನಂತರದ ಡಾಲರ್ ಅಭಾವದಿಂದ ಅಮೆರಿಕದ ಕಾಮಿಕ್ಸ್ ಪತ್ರಿಕೆಗಳ ಆಮದಿಗೆ ನಿರ್ಬಂಧವಿತ್ತು. ಆದುದರಿಂದ ಅಲ್ಲಿದ್ದ ಎಲ್. ಮಿಲ್ಲರ್ ಅಂಡ್ ಸನ್ ಸಂಸ್ಥೆಯು ಅವುಗಳನ್ನು ಇಲ್ಲಿಯೇ ಕಪ್ಪು ಬಿಳುಪಿನಲ್ಲಿ ಮರುಮುದ್ರಿಸುತ್ತಿತ್ತು. ಮೂಲವೇ ಬತ್ತಿದಾಗ ಲೆನ್ ಮಿಲ್ಲರ್ ಅವರು ಮಿಕ್ ಆಂಗ್ಲೋ ಎಂಬ ಚಿತ್ರಕಾರರ ಮೊರೆಹೊಕ್ಕರು. ಕ್ಯಾಪ್ಟನ್ ಮಾರ್ವೆಲ್ 24ನೆಯ ಸಂಚಿಕೆಗೆ ಮುಗಿದು, 1954ರ ಫೆಬ್ರವರಿ 3ರಂದು 25ನೆಯ ಸಂಚಿಕೆಯಾಗಿ 'ಮಾರ್ವೆಲ್‌ಮನ್' ಹೊರಬಂದಿತು. ಕಪ್ಪು ಕೂದಲು ಹೊಂಬಣ್ಣಕ್ಕೆ ತಿರುಗಿತು. ಕೆಂಪು ಉಡುಪು ನೀಲಿಯಾಯಿತು. ಬಿಲ್ಲಿಯ ಸ್ಥಾನದಲ್ಲಿ ಮಿಕಿ ಮೊರಾನ್ ಬಂದನು. ಅವನ ಮಂತ್ರ 'ಕಿಮೋಟಾ'. ಅದು 'ಅಟಾಮಿಕ್' ಎಂಬ ಪದದ ತಿರುವುಮುರುವು. 'ಮರಾ ಮರಾ' ಎಂದು ಜಪಿಸಿ ರಾಮನಾಮವನ್ನು ಪಡೆದ ವಾಲ್ಮೀಕಿಯ ಕಥೆ ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸದು.

ಈ ವೀರನ ಕರ್ತೃವೂ ಹೆಸರು ಬದಲಿಸಿಕೊಂಡವರೇ. ಲಂಡನ್ನಿನ ಬೋ ಪ್ರದೇಶದ ಯಹೂದಿ ಕುಟುಂಬವೊಂದರಲ್ಲಿ 1916ರಲ್ಲಿ ಜನಿಸಿದ ಅವರ ಹುಟ್ಟುಹೆಸರು ಮಾರಿಸ್ ಆಂಗ್ಲೊವಿಟ್ಜ್.

1959ರಲ್ಲಿ ಆಮದು ನಿರ್ಬಂಧ ಸಡಿಲವಾಯಿತು. ಅಮೆರಿಕದ ವರ್ಣರಂಜಿತ ಪತ್ರಿಕೆಗಳೆದುರು ಕಪ್ಪು ಬಿಳುಪಿನ ಮಾರ್ವೆಲ್‌ಮನ್ ನಿಲ್ಲಲಾರದೆ 1963ರಲ್ಲಿ ಕಣ್ಮರೆಯಾದನು. 1982ರಲ್ಲಿ ನಾರ್ಥ್ಯಾಂಪ್ಟನ್ನಿನ ಲೇಖಕ ಆಲನ್ ಮೂರ್ 'ವಾರಿಯರ್' ಪತ್ರಿಕೆಯಲ್ಲಿ ಅವನಿಗೆ ಮರುಜೀವ ನೀಡಿದರು. ತನ್ನ ಮಂತ್ರವನ್ನೇ ಮರೆತ ನಡುವಯಸ್ಸಿನ ಗೃಹಸ್ಥನನ್ನಾಗಿ ಅವನನ್ನು ಚಿತ್ರಿಸಿದ ಆ ಕಥನ ಚಿತ್ರಕಥೆಗಳ ದಿಕ್ಕನ್ನೇ ಬದಲಿಸಿತು. ಆದರೆ ಹೆಸರಿನ ಬಗ್ಗೆ ಅಮೆರಿಕದ ಮಾರ್ವೆಲ್ ಸಂಸ್ಥೆ ಆಕ್ಷೇಪವೆತ್ತಿತು. 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾಗುವಾಗ ಆತ 'ಮಿರಾಕಲ್‌ಮನ್' ಆಗಬೇಕಾಯಿತು. ವಿಚಿತ್ರವೆಂದರೆ, ಅದೇ ಮಾರ್ವೆಲ್ ಸಂಸ್ಥೆಯು 2009ರಲ್ಲಿ ಮಿಕ್ ಆಂಗ್ಲೋ ಅವರಿಂದ ಮಾರ್ವೆಲ್‌ಮನ್‌ನ ಹಕ್ಕುಗಳನ್ನು ಕೊಂಡಿರುವುದಾಗಿ ಪ್ರಕಟಿಸಿತು. ತೊಂಬತ್ತು ದಾಟಿದ್ದ ಆಂಗ್ಲೋ 2011ರಲ್ಲಿ ತೀರಿಕೊಂಡರು.

ಮಾರ್ವೆಲ್‌ಮನ್ ಎರವಲಿನ ಕೂಸೆಂಬುದರಲ್ಲಿ ಅನುಮಾನವಿಲ್ಲ. ಆದರೂ ಒಂಬತ್ತು ವರ್ಷ ಈ ನಾಡಿನ ಮಕ್ಕಳು ಅವನನ್ನು ತಮ್ಮವನೆಂದೇ ಓದಿದರು. ನಮ್ಮ ಮಕ್ಕಳೂ ಶಾಲೆಯಲ್ಲಿ ಮೊಟಕಾದ ಹೆಸರಿನಿಂದಲೂ ಮನೆಯಲ್ಲಿ ಪೂರ್ಣನಾಮದಿಂದಲೂ ಬೆಳೆಯುತ್ತಿದ್ದಾರೆ. ಹೆಸರು ಬದಲಾದರೆ ಆಗಲಿ, ಮಂತ್ರವನ್ನು ಮರೆಯದಿದ್ದರೆ ಸಾಕು. ನಮ್ಮ ಪಾಲಿಗೆ ಆ ಮಂತ್ರ ಕನ್ನಡವೆಂದು ಬೇರೆ ಹೇಳಬೇಕಿಲ್ಲ.